ಸೀತಾಫಲದ ಹೂವಿಗೆ ಬ್ರಷ್ಷಿನಿಂದ ಪರಾಗ: ಯಾವಾಗ, ಹೇಗೆ?

ಕೊಪ್ಪಳ, ರಾಯಚೂರು ಕಡೆಯ ಗುಡ್ಡಗಳಲ್ಲಿ ಬಂಡೆ ಸಂದಿಯಲ್ಲೂ ಸೀತಾಫಲ ತಾನಾಗಿಯೇ ಬೆಳೆಯುತ್ತದೆ. ಅದೇ ಗಿಡವನ್ನು ಉದ್ಯಾನದಲ್ಲೋ ಶಾಲೆಯ ಅಂಗಳದಲ್ಲೋ ಮನೆಯ ಹಿತ್ತಲಲ್ಲೋ ಜೋಪಾನವಾಗಿ ಬೆಳೆಸಿದರೆ ಮೈತುಂಬ ಹೂ ಬಿಟ್ಟರೂ ಕಾಯಿ ನಿಲ್ಲುವುದು ಬೆರಳೆಣಿಕೆಯಷ್ಟು. ಗೊಬ್ಬರ ಸಾಲದೆಂದು ಯೂರಿಯಾ ಹಾಕುವವರೇ ಹೆಚ್ಚು. ಅದರಿಂದ ಎಲೆ ಸೊಕ್ಕುತ್ತದೆ, ಕಾಯಿ ಹೆಚ್ಚುವುದಿಲ್ಲ. ಇಂಥ ಬಹುತೇಕ ಗಿಡಗಳಿಗೆ ಬೇಕಾಗಿರುವುದು ಪರಾಗ. ಅದನ್ನು ನಮ್ಮ ಕೈಯಿಂದಲೇ ಕೊಡಬಹುದು.

ತೊಡಕು ಇರುವುದು ಹೂವಿನ ರಚನೆಯಲ್ಲೇ. ಸೀತಾಫಲದ ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇವೆ, ಆದರೆ ಎರಡೂ ಒಟ್ಟಿಗೆ ಸಿದ್ಧವಾಗುವುದಿಲ್ಲ. ಮೊದಲು ಹೆಣ್ಣು ಭಾಗ ಪರಾಗ ಹಿಡಿಯಲು ಸಜ್ಜಾಗುತ್ತದೆ. ಅದು ಒಣಗುತ್ತ ಬಂದ ಮೇಲೆ ಕೇಸರಗಳು ಒಡೆದು ಪರಾಗ ಉದುರುತ್ತದೆ. ಹೀಗಾಗಿ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಯಾರಾದರೂ ಒಯ್ಯಲೇಬೇಕು. ಈ ಕೆಲಸ ಮಾಡುವುದು ಎಳ್ಳಿನಷ್ಟೇ ದಪ್ಪದ ಕಂದು ದುಂಬಿಗಳು, ನಿಟಿಡ್ಯುಲಿಡೇ ಎಂಬ ಕುಟುಂಬದವು. ಕೊಳೆತ ಹಣ್ಣಿನಲ್ಲಿ ಮರಿ ಮಾಡುವ ಈ ದುಂಬಿಗಳಿಗೆ ದಿನಾ ಗುಡಿಸಿ ಸ್ವಚ್ಛವಾಗಿಟ್ಟ ಪಾರ್ಕಿನಲ್ಲಿ ನೆಲೆಯೇ ಇರುವುದಿಲ್ಲ. ಜೇನುಪೆಟ್ಟಿಗೆ ಇಟ್ಟರೂ ಇಲ್ಲಿ ಉಪಯೋಗ ಕಡಿಮೆ. ದಪ್ಪ ಎಸಳಿನ, ಅರೆ ಮುಚ್ಚಿದ ಈ ಹೂವಿನತ್ತ ಜೇನು ಅಷ್ಟಾಗಿ ಸುಳಿಯುವುದಿಲ್ಲ.

ಎರಡನೆಯ ತೊಡಕು ನಮ್ಮ ಬಿಸಿಲು. ಏಪ್ರಿಲ್–ಮೇ ತಿಂಗಳ ಒಣ ಗಾಳಿಗೆ ಹೆಣ್ಣು ಭಾಗದ ಅಂಟು ಬೇಗ ಆರಿಹೋಗುತ್ತದೆ. ಅಂಟಿಲ್ಲದ ಮೇಲೆ ಪರಾಗ ಬಿದ್ದರೂ ಮೊಳೆಯದು. ಅದಕ್ಕೇ ಬೇಸಿಗೆಯ ಮೊದಲ ಹೂಗಳಿಗಾಗಿ ಹೆಚ್ಚು ಶ್ರಮ ಪಡಬೇಡಿ. ರೋಹಿಣಿ ಮಳೆ ಒಂದೆರಡು ಬಿದ್ದು ಗಾಳಿಯಲ್ಲಿ ತೇವ ಬಂದ ಮೇಲೆ, ಮೃಗಶಿರಾ ಮಳೆಯ ದಿನಗಳಲ್ಲಿ ಮಾಡಿದ ಕೆಲಸ ಕೈಗೂಡುತ್ತದೆ.

ಹೂವಿನ ಹಂತ ಗುರುತಿಸಿ

ಇಡೀ ಕೆಲಸದಲ್ಲಿ ಕಣ್ಣು ಪಳಗಬೇಕಾದದ್ದು ಇಲ್ಲೇ. ಹೂವಿಗೆ ಹಸಿರು-ಹಳದಿ ಬಣ್ಣದ ಮೂರು ದಪ್ಪ, ಉದ್ದನೆಯ ಎಸಳು. ತುದಿ ಪೂರ್ತಿ ಕೂಡಿಕೊಂಡಿದ್ದರೆ ಅದಿನ್ನೂ ಮೊಗ್ಗು, ಬಿಟ್ಟುಬಿಡಿ. ತುದಿ ಮಾತ್ರ ಎರಡು–ಮೂರು ಮಿಲಿಮೀಟರ್ ಬಿರಿದು ಬುಡ ಬಿಗಿಯಾಗಿಯೇ ಇದ್ದರೆ ಅದು ಹೆಣ್ಣು ಹಂತ. ಮೆಲ್ಲಗೆ ಬಿಡಿಸಿ ನೋಡಿದರೆ ನಡುವೆ ಪುಟ್ಟ ಗೋಪುರದಂಥ ಗಂಟು ಕಾಣುತ್ತದೆ. ಅದರ ಮೇಲ್ಭಾಗ ಒದ್ದೆಯಾಗಿ ಹೊಳೆಯುತ್ತಿರಬೇಕು. ಸುತ್ತಲಿನ ಕೇಸರಗಳು ಬಿಳಿಯಾಗಿ, ಒಂದಕ್ಕೊಂದು ಒತ್ತಿಕೊಂಡಿರುತ್ತವೆ.

ಎಸಳುಗಳು ಮೂರು ದಿಕ್ಕಿಗೆ ಅಗಲವಾಗಿ ತೆರೆದು, ಕೇಸರಗಳು ಕಂದು ಛಾಯೆಗೆ ತಿರುಗಿ ಸಡಿಲವಾಗಿದ್ದರೆ ಅದು ಗಂಡು ಹಂತ. ಮುಟ್ಟಿದರೆ ಉದುರುತ್ತವೆ. ಪರಾಗ ಇದರಿಂದ ತೆಗೆದು ಅರೆ ಬಿರಿದ ಹೂವಿಗೆ ಹಚ್ಚಬೇಕು. ಹೊಸಬರು ಪೂರ್ತಿ ಅರಳಿದ ಹೂವಿಗೇ ಪರಾಗ ಹಚ್ಚುತ್ತಾರೆ. ಆ ಹೊತ್ತಿಗೆ ಅದರ ಹೆಣ್ಣು ಭಾಗ ಒಣಗಿರುತ್ತದೆ, ಎಷ್ಟು ಹಚ್ಚಿದರೂ ವ್ಯರ್ಥ.

ಪರಾಗ ಕೂಡಿಡುವುದು

ಬೇಕಾದ ಸಾಮಾನು ಇಷ್ಟೇ: ಚಿತ್ರ ಬಿಡಿಸುವ ಮೆತ್ತನೆಯ ಬ್ರಷ್ಷು (2 ಅಥವಾ 4ನೇ ನಂಬರ್), ಬಿಳಿ ಕಾಗದ, ಚಹಾ ಸೋಸುವ ಜರಡಿ, ಮುಚ್ಚಳವಿರುವ ಸಣ್ಣ ಡಬ್ಬಿ, ಬಣ್ಣದ ದಾರ.

ಬೆಳಿಗ್ಗೆ ಆರರಿಂದ ಏಳರೊಳಗೆ ಗಂಡು ಹಂತದ ಹೂಗಳನ್ನು ಕಿತ್ತು ಕಾಗದದ ಮೇಲೆ ತಟ್ಟಿ. ಕೇಸರವೂ ಪರಾಗವೂ ಒಟ್ಟಿಗೆ ಉದುರುತ್ತವೆ. ಜರಡಿಯಲ್ಲಿ ಸೋಸಿ ಡಬ್ಬಿಗೆ ಹಾಕಿಕೊಳ್ಳಿ. ಒಂದು ಗಂಡು ಹೂವಿನ ಪರಾಗ ಸುಮಾರು ಮೂರು ಹೂವಿಗೆ ಸಾಕಾಗುತ್ತದೆಂದು ಲೆಕ್ಕ ಇಟ್ಟುಕೊಂಡರೆ ಹತ್ತಿರವಾಗುತ್ತದೆ. ಗಿಡದಲ್ಲಿ ಗಂಡು ಹಂತದ ಹೂ ಸಿಗದಿದ್ದರೆ, ಅರಳಲು ಸಿದ್ಧವಾದ ಹೂಗಳನ್ನು ಹಿಂದಿನ ಸಂಜೆಯೇ ಕಿತ್ತು, ಮನೆಯೊಳಗೆ ಕಾಗದದ ಮೇಲೆ ಬಿಡಿಬಿಡಿಯಾಗಿ ಹರಡಿಡಿ. ಬೆಳಗಾಗುವಷ್ಟರಲ್ಲಿ ಕೇಸರ ಒಡೆದಿರುತ್ತದೆ.

ರಾತ್ರಿ ಮಳೆಯಾಗಿ ಹೂ ತೊಯ್ದಿದ್ದರೆ ಅಂದು ಮರದ ಮೇಲಿನ ಹೂವಿನ ಪರಾಗ ತೆಗೆಯಬೇಡಿ. ಒದ್ದೆ ಪರಾಗ ಗಂಟುಕಟ್ಟಿ ಕೆಡುತ್ತದೆ. ಕೂಡಿಸಿದ ಡಬ್ಬಿಯನ್ನು ನೆರಳಲ್ಲೇ ಇಟ್ಟುಕೊಂಡು ಎರಡು ಮೂರು ತಾಸಿನೊಳಗೆ ಬಳಸಿ ಮುಗಿಸಿ.

ಹಚ್ಚುವ ಬಗೆ

ಎಂಟೂವರೆಯೊಳಗೆ ಕೆಲಸ ಮುಗಿಯಬೇಕು. ಬಿಸಿಲೇರಿದ ಮೇಲೆ ಹಚ್ಚಿದ ಪರಾಗ ಬಹುಪಾಲು ದಂಡ.

ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಎಸಳುಗಳನ್ನು ತುಸು ಅಗಲಿಸಿ ಹಿಡಿಯಿರಿ. ಕೈ ಆಡದಿದ್ದರೆ ಒಂದು ಎಸಳನ್ನು ಮುರಿದು ತೆಗೆಯಿರಿ, ಹೂವಿಗೆ ತೊಂದರೆಯಿಲ್ಲ. ಪರಾಗದಲ್ಲಿ ಅದ್ದಿದ ಬ್ರಷ್ಷನ್ನು ನಡುವಿನ ಗಂಟಿನ ಸುತ್ತ ಹಗುರವಾಗಿ ಮೂರು–ನಾಲ್ಕು ಸುತ್ತು ತಿರುಗಿಸಿ. ಒಂದೇ ಕಡೆ ಒತ್ತಿ ಬಿಡಬಾರದು. ಸೀತಾಫಲದ ಮೈಮೇಲಿನ ಒಂದೊಂದು ಉಬ್ಬೂ ಹೂವಿನ ಒಂದೊಂದು ಅಂಡಕೋಶದಿಂದ ಬಂದದ್ದು. ಪರಾಗ ತಾಗದ ಭಾಗ ಬೆಳೆಯದೆ ಹಣ್ಣು ಒಂದು ಬದಿಗೆ ಸೊಟ್ಟಗಾಗುತ್ತದೆ. ಮಾರುಕಟ್ಟೆಯಲ್ಲಿ ಕಾಣುವ ಎಷ್ಟೋ ಸೊಟ್ಟ ಹಣ್ಣುಗಳಿಗೆ ಕಾರಣ ಇದೇ.

ಹೂಗಳನ್ನು ಆಯುವಾಗ ಹೆಬ್ಬೆರಳಿನಷ್ಟು ದಪ್ಪದ, ಗಿಡದ ಒಳಭಾಗದ ಕೊಂಬೆಗಳತ್ತ ನೋಡಿ. ತುದಿಯ ಎಳೆ ಕಡ್ಡಿಯಲ್ಲಿ ಕಾಯಿ ನಿಂತರೆ ಭಾರಕ್ಕೆ ಬಾಗುತ್ತದೆ, ಬಿಸಿಲಿಗೂ ಸುಡುತ್ತದೆ. ಹಚ್ಚಿದ ಹೂವಿನ ತೊಟ್ಟಿಗೆ ದಾರ ಸಡಿಲವಾಗಿ ಕಟ್ಟಿ. ಮೊದಲ ಸಲ ಇಪ್ಪತ್ತು ಹೂವಿಗೆ ನಿಲ್ಲಿಸಿ, ಫಲ ನೋಡಿ ಮುಂದುವರಿಯಿರಿ. ಎಲ್ಲ ಹೂವಿಗೂ ಹಚ್ಚುವ ಆಸೆ ಬೇಡ: ಕಾಯಿ ವಿಪರೀತವಾದರೆ ಯಾವುದೂ ದಪ್ಪಗಾಗದು.

ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ತಳಿ ನೆಟ್ಟವರು ಊರ ಸೀತಾಫಲದ ಪರಾಗ ತಂದು ಹಚ್ಚುವುದು ಒಳ್ಳೆಯದು. ಪಕ್ಕದಲ್ಲಿ ಒಂದು ನಾಟಿ ಗಿಡ ಇರಲಿ.

ಆಮೇಲೆ

ಒಂದು ವಾರದಲ್ಲಿ ಗೊತ್ತಾಗುತ್ತದೆ. ಪರಾಗ ಕೂಡದ ಹೂ ಕಪ್ಪಾಗಿ ತೊಟ್ಟಿನ ಸಮೇತ ಕಳಚುತ್ತದೆ. ಕೂಡಿದ್ದು ಎಸಳು ಉದುರಿಸಿ, ಹಸಿರು ಗುಂಡಿಯಂಥ ಹೀಚಾಗಿ ನಿಲ್ಲುತ್ತದೆ. ಮಳೆ ಕೈಕೊಟ್ಟರೆ ಈ ಹೀಚು ವಾರಗಟ್ಟಲೆ ಬೆಳೆಯದೆ ಹಾಗೇ ಕೂತಿರುವುದುಂಟು. ಸತ್ತಿತೆಂದು ಕೀಳಬೇಡಿ, ತೇವ ಸಿಕ್ಕರೆ ಮತ್ತೆ ಊದಿಕೊಳ್ಳುತ್ತದೆ.

ನೀರನ್ನು ಸಂಜೆ ಪಾತಿಗೆ ಕೊಡಿ, ಹೂವಿನ ಮೇಲೆ ಚಿಮುಕಿಸಬೇಡಿ. ಶೇಂಗಾ ಹೊಟ್ಟು ಅಥವಾ ಒಣ ಎಲೆಯನ್ನು ನಾಲ್ಕು ಬೆರಳು ದಪ್ಪ ಹರಡಿದರೆ ಪಾತಿ ತಂಪಾಗಿರುತ್ತದೆ, ಬುಡಕ್ಕೆ ಮಾತ್ರ ತಾಗಿಸಬಾರದು. ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ನೀರು ಬೇಗ ಬೇಗ ಬೇಕು. ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಮೇಲ್ಮಣ್ಣು ಆರಿದ ಮೇಲಷ್ಟೇ ಕೊಡಿ.

ಇರುವೆ ಸಾಲು ಕಂಡರೆ ಹಿಂದೆಯೇ ಹಿಟ್ಟು ತಿಗಣೆ ಬರುತ್ತದೆಂದು ತಿಳಿಯಿರಿ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಮೇಲೆ ಗ್ರೀಸ್ ಬಳಿದರೆ ಇರುವೆ ಹತ್ತುವುದು ನಿಲ್ಲುತ್ತದೆ. ಗ್ರೀಸ್ ನೇರವಾಗಿ ತೊಗಟೆಗೆ ತಾಗದಿರಲಿ. ಹೂ ಬಿಡುವ ಕಾಲದಲ್ಲಿ ಕೀಟನಾಶಕ ಹೊಡೆದರೆ ಇರುವ ನಾಲ್ಕು ದುಂಬಿಗಳೂ ಸಾಯುತ್ತವೆ.

ಪಾರ್ಕಿನಂಥ ಕಡೆ ನೂರು ಗಿಡಕ್ಕೆ ಬ್ರಷ್ಷು ಹಿಡಿಯಲಾಗದು. ಅಲ್ಲಿ ದುಂಬಿಗೆ ಜಾಗ ಕೊಡುವುದೇ ದಾರಿ. ಹೂ ಶುರುವಾಗುವ ಎರಡು ವಾರ ಮೊದಲು ಗಿಡದ ನೆರಳಲ್ಲಿ ಒಂದು ಮಡಕೆ ಇಟ್ಟು, ಬಾಳೆಸಿಪ್ಪೆ, ಅನಾನಸ್ ಸಿಪ್ಪೆ ಹಾಕಿ ಕೊಳೆಯಲು ಬಿಡಿ, ಒಣಗಿದಂತೆ ಹೊಸದು ಸೇರಿಸಿ. ಉದುರಿದ ಮಾವು, ಪೇರಲ ಮಾತ್ರ ಬೇಡ. ಅದರೊಳಗಿನ ಹುಳು ಹಣ್ಣು ನೊಣವಾಗಿ ತೋಟಕ್ಕೆಲ್ಲ ಹಬ್ಬುತ್ತದೆ.

ಹೂವಿನಿಂದ ಹಣ್ಣಿಗೆ ಸುಮಾರು ನಾಲ್ಕು ತಿಂಗಳು. ಮೃಗಶಿರಾದಲ್ಲಿ ಕೂಡಿಸಿದ್ದು ದಸರಾ ಆಸುಪಾಸಿಗೆ ಬಲಿಯುತ್ತದೆ. ಉಬ್ಬುಗಳ ನಡುವಿನ ಗೆರೆ ಅಗಲವಾಗಿ ತಿಳಿ ಹಳದಿಗೆ ತಿರುಗಿದಾಗ ತೊಟ್ಟು ಉಳಿಸಿ ಕತ್ತರಿಯಿಂದ ಕೊಯ್ಯಿರಿ. ಗೆರೆ ಬಿಡದ ಕಾಯಿಯನ್ನು ಕೊಯ್ದರೆ ಮೆತ್ತಗಾಗದೆ ಕಪ್ಪಾಗಿ ಒಣಗುತ್ತದೆ.