ಸರ್ವೇಯರ್ ಕೊಟ್ಟ ಲೆಕ್ಕವನ್ನು ಸಾಲುಸಾಲಾಗಿ ಓದಿದಾಗ

ಆಯುಧಪೂಜೆ ಮುಗಿದು ಆರನೇ ದಿನ. ಅರಸೀಕೆರೆಯಲ್ಲಿ ಶಾಲೆ ಮುಗಿಸಿಕೊಂಡು ತಿಪಟೂರಿಗೆ ಬರುತ್ತಿದ್ದೆ. ಕತ್ತಲಾಗುವ ಹೊತ್ತು. ಎದುರಿಗೆ ಬಂದ ಬಸ್ಸಿನ ಬೆಳಕು ಕಣ್ಣಿಗೆ ಹೊಡೆಯಿತು. ಬಸ್ಸು ದಾಟಿದ ಮೇಲೆ ಕಂಡದ್ದು, ತೆಂಗಿನಕಾಯಿ ತುಂಬಿಕೊಂಡು ಅರ್ಧ ಟಾರಿನ ಮೇಲೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಬ್ರೇಕ್ ಒತ್ತಿ ಬಲಕ್ಕೆ ಎಳೆದೆ. ಆದರೂ ಕಾರಿನ ಎಡ ಮೂತಿ ಟ್ರೇಲರಿನ ಮೂಲೆಗೆ ಹೋಗಿ ಬಡಿಯಿತು. ಬಾನೆಟ್ ಮಡಚಿಕೊಂಡು ಮೇಲೆದ್ದು ಮುಂದಿನ ಗಾಜಿಗೆ ತಗುಲಿತು. ದೇವರ ದಯೆ, ನನಗಾಗಲಿ ಟ್ರ್ಯಾಕ್ಟರಿನವರಿಗಾಗಲಿ ಒಂದು ಗೀರೂ ಆಗಲಿಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸ್ ಠಾಣೆ, ಎಫ್‌ಐಆರ್, ಮೋಟಾರು ಅಪಘಾತ ನ್ಯಾಯಮಂಡಳಿ ಎಂದು ದಾರಿಯೇ ಬೇರೆಯಾಗುತ್ತಿತ್ತು. ನಾನಿಲ್ಲಿ ಬರೆಯುತ್ತಿರುವುದು ನಮ್ಮದೇ ವಾಹನದ ಡ್ಯಾಮೇಜಿಗೆ ನಮ್ಮದೇ ಪಾಲಿಸಿಯಿಂದ ಹಣ ಪಡೆದ ಬಗ್ಗೆ.

ಕೈ ನಡುಗುತ್ತಿದ್ದರೂ ಕಾರನ್ನು ಸರಿಸುವ ಮೊದಲು ಫೋಟೋ ತೆಗೆದೆ. ಟ್ರೇಲರ್, ಅದರ ನಂಬರ್, ರಸ್ತೆಯ ಮೇಲಿನ ಟೈರ್ ಗುರುತು, ಒಡೆದ ಗಾಜು, ಎರಡೂ ವಾಹನ ಒಟ್ಟಿಗೆ ಕಾಣುವ ಹಾಗೆ ದೂರದಿಂದ ಎರಡು. ಅಲ್ಲೇ ನಿಂತು ವಿಮಾ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಕ್ಲೇಮ್ ನಂಬರ್ ಮೆಸೇಜಿನಲ್ಲಿ ಬಂತು. ಅದಾದ ಮೇಲೇ ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದದ್ದು.

ಮರುದಿನ ಗ್ಯಾರೇಜಿನಲ್ಲಿ ಕ್ಲೇಮ್ ಫಾರ್ಮ್ ತುಂಬುವಾಗ ಕೌಂಟರಿನಲ್ಲಿದ್ದವರು, "ನಾಯಿ ಅಡ್ಡ ಬಂತು ಅಂತ ಬರೀರಿ ಮೇಡಂ, ಎಲ್ರೂ ಹಂಗೇ ಬರೆಯೋದು, ಬೇಗ ಪಾಸ್ ಆಗುತ್ತೆ" ಅಂದರು. ನಾನು ಒಪ್ಪಲಿಲ್ಲ. ನಿಂತ ಟ್ರೇಲರಿಗೆ ಗುದ್ದಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ನನ್ನ ಕೈಯಾರೆ ಬರೆದೆ. ನಮ್ಮ ತಪ್ಪಿನಿಂದ ಗುದ್ದಿದರೂ ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲಿ ನಮ್ಮ ಡ್ಯಾಮೇಜಿಗೆ ಹಣ ಸಿಗುತ್ತದೆ, ಸುಳ್ಳಿನ ಅಗತ್ಯವೇ ಇಲ್ಲ. ಡ್ಯಾಮೇಜ್ ಒಂದು ಕಥೆ ಹೇಳಿ ಫಾರ್ಮ್ ಇನ್ನೊಂದು ಕಥೆ ಹೇಳಿದರೆ ಇಡೀ ಕ್ಲೇಮನ್ನೇ ತಳ್ಳಿಹಾಕಲು ಕಂಪನಿಗೆ ನಾವೇ ಕಾರಣ ಕೊಟ್ಟಂತೆ. ಈ ಸಲಹೆ ಕೊಡುವವರು ಆಗ ನಮ್ಮ ಜೊತೆ ನಿಲ್ಲುವುದಿಲ್ಲ.

ಗ್ಯಾರೇಜಿನ ಎಸ್ಟಿಮೇಟ್ 70,000 ದಾಟಿತ್ತು. ಮೋಟಾರು ಕ್ಲೇಮಿನಲ್ಲಿ ನಷ್ಟ 50,000 ರೂಪಾಯಿ ಮುಟ್ಟಿದರೆ ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಲೈಸೆನ್ಸ್ ಪಡೆದ ಸರ್ವೇಯರೇ ಬಂದು ನೋಡಬೇಕು. ಅವರನ್ನು ನೇಮಿಸುವುದೂ ಫೀಸು ಕೊಡುವುದೂ ಕಂಪನಿ. ಹಾಗಂತ ಅವರು ಕಂಪನಿಯ ನೌಕರರಲ್ಲ. ನಷ್ಟವನ್ನು ಪಕ್ಷಪಾತವಿಲ್ಲದೆ ಅಳೆಯಬೇಕೆಂಬ ನಿಯಮ ಅವರ ಲೈಸೆನ್ಸಿಗೇ ಅಂಟಿಕೊಂಡಿದೆ. ಇದು ತಿಳಿದಿದ್ದರಿಂದ ನಾನು ಅವರ ಮುಂದೆ ಜಗಳಕ್ಕೂ ನಿಲ್ಲಲಿಲ್ಲ, ಕೈಮುಗಿದುಕೊಂಡೂ ನಿಲ್ಲಲಿಲ್ಲ.

ಅವರು ಬರುವ ದಿನ ಅರ್ಧ ದಿನ ರಜೆ ಹಾಕಿ ಗ್ಯಾರೇಜಿಗೆ ಹೋದೆ. ನಾನು ಮಾಡಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಸರ್ವೇಯರ್ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಕಾರಿನ ಸುತ್ತ ಬಂದು ಫೋಟೋ ತೆಗೆದು, ಬಾನೆಟ್, ಬಂಪರ್, ಎಡ ಫೆಂಡರ್, ಹೆಡ್‌ಲೈಟ್, ಗ್ರಿಲ್, ರೇಡಿಯೇಟರ್ ಬರೆದುಕೊಂಡರು. ಬಂಪರಿನ ಹಿಂದಿರುವ ರೇಡಿಯೇಟರ್ ಸಪೋರ್ಟ್ ಬಗ್ಗೆ ಕೇಳಿದ್ದಕ್ಕೆ, "ಅದು ಎಳೆದು ನೇರ ಮಾಡಬಹುದು, ಬದಲಾಯಿಸೋದೇನೂ ಬೇಡ" ಅಂದರು. ಟಿಂಕರಿಂಗ್ ಮಾಡುವ ಹುಡುಗ ನನ್ನ ಮುಖ ನೋಡಿದ. "ಬಂಪರ್ ಬಿಚ್ಚಿಸಿ ಒಂದ್ಸಲ ನೋಡಿಬಿಡೋಣವಾ ಸರ್, ನಾನು ಕಾಯ್ತೀನಿ" ಅಂದೆ. ಅವರು ಬೇಡ ಅನ್ನಲಿಲ್ಲ. ಹುಡುಗ ಕ್ಲಿಪ್ಪು ಬಿಚ್ಚಿ ಬಂಪರ್ ಕೆಳಗಿಟ್ಟು ಮೊಬೈಲ್ ಟಾರ್ಚ್ ಹಿಡಿದ. ಸಪೋರ್ಟಿನ ಎಡ ಮೂಲೆಯಲ್ಲಿ ಸ್ಪಾಟ್ ವೆಲ್ಡ್ ಬಿಟ್ಟುಕೊಂಡು ತಗಡು ಬೆರಳು ತೂರುವಷ್ಟು ಸೀಳಿತ್ತು. ಒಳಗೆ ಬಣ್ಣ ಎದ್ದು ಬೆಳ್ಳಗೆ ಲೋಹ ಕಾಣುತ್ತಿತ್ತು, ತುಕ್ಕು ಹಿಡಿದಿರಲಿಲ್ಲ. "ನೋಡಿ ಸರ್, ಹೊಸದು ಇದು" ಅಂದ ಹುಡುಗ. ಸರ್ವೇಯರ್ ಬಗ್ಗಿ ಬೆರಳಾಡಿಸಿ ನೋಡಿ, ಫೋಟೋ ತೆಗೆದು, ರಿಪೇರಿ ಎಂದು ಬರೆದಿದ್ದನ್ನು ಹೊಡೆದುಹಾಕಿ ರಿಪ್ಲೇಸ್ ಎಂದು ಬರೆದರು. ಅವರಿಗೆ ಮೋಸ ಮಾಡುವ ಉದ್ದೇಶವಿತ್ತು ಎಂದು ನಾನು ಹೇಳಲಾರೆ. ಕಾಣದ ಡ್ಯಾಮೇಜನ್ನು ಯಾರೂ ಬರೆದುಕೊಳ್ಳುವುದಿಲ್ಲ, ಅಷ್ಟೇ.

ಮುಂದಿನ ಗಾಜಿನ ವಿಷಯಕ್ಕೆ ಬಂದಾಗ ಮಾತ್ರ ಒಪ್ಪಲಿಲ್ಲ. "ಇದು ಹಳೆ ಕ್ರ್ಯಾಕ್ ಇದ್ದಂಗಿದೆ" ಎಂದು ಬಿಟ್ಟುಬಿಟ್ಟರು.

ವಾರ ಕಳೆದ ಮೇಲೆ ಕಂಪನಿಯಿಂದ ಫೋನ್ ಬಂತು. ಒಟ್ಟು ಬಿಲ್ 76,000, ಮಂಜೂರಾದದ್ದು 42,000. ಒಪ್ಪಿದ್ದೇನೆ ಎಂದು ಸಹಿ ಮಾಡಿ ಕಳಿಸಬೇಕಂತೆ. ನಮ್ಮ ಮನೆಯವರು, "ಬಂದಷ್ಟು ಬರಲಿ, ತಗೊಂಡು ಮುಗಿಸು" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಸಹಿ ಮಾಡುವ ಮೊದಲು ಅಸೆಸ್‌ಮೆಂಟ್ ಶೀಟ್ (ಯಾವ ಭಾಗಕ್ಕೆ ಎಷ್ಟು ಕೊಟ್ಟರು, ಎಷ್ಟು ಕಡಿದರು ಎಂಬ ಪಟ್ಟಿ) ಮತ್ತು ಸರ್ವೆ ರಿಪೋರ್ಟಿನ ಪ್ರತಿ ಬೇಕೆಂದು ಇಮೇಲ್ ಮಾಡಿದೆ. ಕೇಳಿದರೆ ಕೊಡಲೇಬೇಕು, ಅದು ಪಾಲಿಸಿದಾರರ ಹಕ್ಕು. ಫೋನಿನಲ್ಲಿ ಕೇಳಿದ್ದಕ್ಕೆ "ಅದೆಲ್ಲ ಇಂಟರ್ನಲ್" ಎಂದಿದ್ದವರು ಇಮೇಲಿಗೆ ಎರಡೇ ದಿನದಲ್ಲಿ ಕಳಿಸಿದರು.

ಶೀಟು, ಪಾಲಿಸಿಯ ಷರತ್ತಿನ ಪುಸ್ತಕ, ಒಂದು ಪೆನ್ಸಿಲ್ ಇಟ್ಟುಕೊಂಡು ಭಾನುವಾರ ಕೂತೆ. ಹಳೆ ಭಾಗದ ಬದಲು ಹೊಸದು ಹಾಕುವಾಗ ಸವೆದಷ್ಟಕ್ಕೆ ಎಂದು ಕಂಪನಿ ಕಡಿಯುವ ಹಣವೇ ಸವಕಳಿ. ಅದರ ದರಗಳು ಪಾಲಿಸಿಯಲ್ಲೇ ಅಚ್ಚಾಗಿರುತ್ತವೆ. ನಾವು ಯಾರೂ ತೆರೆದು ನೋಡುವುದಿಲ್ಲ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಬ್ಯಾಟರಿ, ಏರ್‌ಬ್ಯಾಗಿಗೆ 50 ಪರ್ಸೆಂಟ್ ಕಡಿತ. ಫೈಬರ್ ಗ್ಲಾಸಿಗೆ 30. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನೂ ಇಲ್ಲ, ಒಂದು ವರ್ಷದೊಳಗೆ 5, ಎರಡರೊಳಗೆ 10, ಮೂರರೊಳಗೆ 15, ನಾಲ್ಕರೊಳಗೆ 25, ಐದರೊಳಗೆ 35, ಹತ್ತರೊಳಗೆ 40, ಆಮೇಲೆ 50. ನನ್ನ ಕಾರಿಗೆ ಅಪಘಾತದ ದಿನ ಮೂರು ವರ್ಷ ಎಂಟು ತಿಂಗಳು. ಶೀಟಿನಲ್ಲಿ ಬಾನೆಟ್, ಫೆಂಡರ್, ಸಪೋರ್ಟ್ ಮೂರಕ್ಕೂ 25ರ ಬದಲು 35 ಕಡಿದಿದ್ದರು. ಆರ್‌ಸಿಯಲ್ಲಿದ್ದ ನೋಂದಣಿ ವರ್ಷವನ್ನು ಒಂದು ವರ್ಷ ಹಿಂದಕ್ಕೆ ಟೈಪ್ ಮಾಡಿದ್ದರು. ಈ ಒಂದು ಅಂಕಿಯಿಂದ ನನಗೆ ಹೋದದ್ದು 1,750 ರೂಪಾಯಿ.

ದೊಡ್ಡದು ಪೇಂಟಿನದು. ಪೇಂಟಿಂಗ್ ಬಿಲ್ 16,000 ಇತ್ತು, ಅದರಲ್ಲಿ ಸೀದಾ ಅರ್ಧ ಕಡಿದು 8,000 ಹಾಕಿದ್ದರು. ಷರತ್ತು ಹೇಳುವುದು ಬೇರೆ. 50 ಪರ್ಸೆಂಟ್ ಕಡಿತ ಬಣ್ಣದ ಸಾಮಗ್ರಿಗೆ ಮಾತ್ರ, ಕೂಲಿಗಲ್ಲ. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬೇರೆಬೇರೆ ತೋರಿಸದೆ ಒಟ್ಟಿಗೆ ಹಾಕಿದ್ದರೆ, ಒಟ್ಟು ಮೊತ್ತದ ಕಾಲು ಭಾಗವನ್ನಷ್ಟೇ ಸಾಮಗ್ರಿ ಎಂದು ಹಿಡಿಯಬೇಕು. ಅಂದರೆ 16,000ದಲ್ಲಿ ಸಾಮಗ್ರಿ 4,000, ಅದರಲ್ಲಿ ಅರ್ಧ, ಕಡಿತ 2,000. ನನಗೆ ಬರಬೇಕಾದದ್ದು 14,000. ಇದನ್ನು ನಾನು ಮೂರು ಸಲ ಓದಿ ಖಾತ್ರಿ ಮಾಡಿಕೊಂಡೆ. ಎಷ್ಟು ಜನ ಈ ಸಾಲನ್ನು ನೋಡದೆ ಸಹಿ ಹಾಕಿರಬಹುದು ಎಂದು ನೆನೆದು ಹೊಟ್ಟೆ ಉರಿಯಿತು.

ಗಾಜು 7,500 ರೂಪಾಯಿಯದು. ಅದು ಹಳೆಯ ಕ್ರ್ಯಾಕ್ ಅಲ್ಲ ಎಂದು ಹೇಗೆ ತೋರಿಸುವುದು ಅಂತ ಯೋಚಿಸುತ್ತಿದ್ದಾಗ ಆಯುಧಪೂಜೆಯ ಫೋಟೋ ನೆನಪಾಯಿತು. ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಎರಡೂ ಕಡೆ ಬಾಳೆಕಂದು, ಚಕ್ರದ ಮುಂದೆ ನಿಂಬೆಹಣ್ಣು, ಒಡೆದ ಬೂದುಗುಂಬಳಕ್ಕೆ ಬಳಿದ ಕುಂಕುಮ, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ. ಅದರ ಹಿಂದೆ, ಒರೆಸಿ ಫಳಫಳ ಹೊಳೆಯುತ್ತಿದ್ದ ಗಾಜು, ಫಾಸ್ಟ್‌ಟ್ಯಾಗ್ ಸಮೇತ. ಎಲ್ಲೂ ಒಂದು ಗೆರೆಯಿಲ್ಲ. ತಾರೀಖು ಅಪಘಾತಕ್ಕೆ ಆರು ದಿನ ಮೊದಲಿನದು.

ರೇಡಿಯೇಟರಿಗೂ ಪ್ಲಾಸ್ಟಿಕ್ ಲೆಕ್ಕದಲ್ಲಿ ಅರ್ಧ ಕಡಿದಿದ್ದರು. ಕೋರ್ ಅಲ್ಯೂಮಿನಿಯಂ ಅಲ್ಲವೇ, ಲೋಹದ ದರವೇ ಹಾಕಬೇಕು ಎಂದು ಅದನ್ನೂ ಸೇರಿಸಿದೆ.

ನಾಲ್ಕು ಅಂಶ, ಒಂದೊಂದಕ್ಕೂ ಷರತ್ತಿನ ಪುಟ ಸಂಖ್ಯೆ, ನನ್ನ ಲೆಕ್ಕ, ಆರ್‌ಸಿ ಪ್ರತಿ, ಪೂಜೆಯ ಫೋಟೋ. ಕಂಪನಿಗೆ ಕಳಿಸಿ ಸರ್ವೇಯರಿಗೂ ಪ್ರತಿ ಹಾಕಿದೆ. ಸಿಟ್ಟಿನ ಮಾತು ಒಂದೂ ಬರೆಯಲಿಲ್ಲ. ಬರೆದಿದ್ದೆ, ಕಳಿಸುವ ಮೊದಲು ಅಳಿಸಿದೆ. ಉತ್ತರ ಬರದಿದ್ದರೆ ಮುಂದೇನು ಎಂಬುದನ್ನೂ ತಿಳಿದುಕೊಂಡಿದ್ದೆ: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ತಿಂಗಳೊಳಗೆ ಬಗೆಹರಿಯದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ಪಾಲಿಸಿದಾರರ ದೂರು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ. ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ, ಅದರಿಂದ ಆಚೆ ಹೋಗಲು ಅವಕಾಶವಿದೆ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಒಂದು ಲಾರಿ ಅಪಘಾತದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಇದು ಗೊತ್ತಿದ್ದದ್ದು ನನಗೆ ದೊಡ್ಡ ಧೈರ್ಯ.

ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಐದನೇ ದಿನ ಸರ್ವೇಯರೇ ಫೋನ್ ಮಾಡಿದರು. "ಮೇಡಂ, ವರ್ಷದ್ದು ನಮ್ಮ ಕಡೆ ತಪ್ಪಾಗಿದೆ. ಪೇಂಟು ಸರಿ ಮಾಡ್ತೀನಿ. ಗ್ಲಾಸಿಗೆ ಆ ಫೋಟೋ ಸಾಕು. ರೇಡಿಯೇಟರ್ ಮಾತ್ರ ಟ್ಯಾಂಕ್ ಪ್ಲಾಸ್ಟಿಕ್ಕು, ಅದು ಆಗಲ್ಲ." ಒಪ್ಪಿಕೊಂಡೆ. ಆ ಒಂದು ಬಾಬತ್ತಿಗೆ ಇನ್ನೊಂದು ತಿಂಗಳು ಕಾರಿಲ್ಲದೆ ಓಡಾಡುವುದು ಬೇಡವೆನಿಸಿತು.

ಪರಿಷ್ಕೃತ ಮೊತ್ತ 57,250. ಕಾರು 1,500 ಸಿಸಿ ಒಳಗಿನದಾದ್ದರಿಂದ ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಕಡ್ಡಾಯ ಕಡಿತದ 1,000, ಬಿಚ್ಚಿದ ಹಳೆ ಸಾಮಾನಿನ ಗುಜರಿ ಬೆಲೆ (ಸಾಲ್ವೇಜ್) 875 ಅದರಲ್ಲೇ ಕಳೆದಿತ್ತು. ನಾನು ಕೈಯಿಂದ ಕಟ್ಟಿದ್ದು 18,750. ಸವಕಳಿ ಕಡಿಯದ ಜೀರೋ ಡೆಪ್ರಿಸಿಯೇಷನ್ ಎಂಬ ಹೆಚ್ಚುವರಿ ಕವರ್ ಇದ್ದಿದ್ದರೆ ಇದರಲ್ಲಿ ಬಹುಪಾಲು ಉಳಿಯುತ್ತಿತ್ತು. ಎರಡು ವರ್ಷ ಇಟ್ಟುಕೊಂಡು ಮೂರನೇ ವರ್ಷ ಉಳಿತಾಯ ಎಂದು ಬಿಟ್ಟಿದ್ದೆ. 35 ಪರ್ಸೆಂಟ್ ತಲುಪಿದ್ದ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಇಳಿಯಿತು. ಹಾಗಾಗಿ ಸಣ್ಣಪುಟ್ಟ ಗೀರಿಗೆ ಕ್ಲೇಮ್ ಹಾಕುವ ಮೊದಲು ಈ ಲೆಕ್ಕವನ್ನೂ ಮಾಡಿ ನೋಡಿ.

ಕಾರು ಬಿಡಿಸಿಕೊಂಡು ಬರುವ ದಿನ ಟಿಂಕರಿಂಗ್ ಹುಡುಗ, "ಅಕ್ಕ, ಫಾಸ್ಟ್‌ಟ್ಯಾಗ್ ಹಳೆ ಗ್ಲಾಸಿನ ಜೊತೆನೇ ಹೋಯ್ತು, ಟೋಲಿಗೆ ಹೋಗೋಕೆ ಮುಂಚೆ ಹೊಸದು ಹಾಕಿಸ್ಕೊಳ್ಳಿ" ಎಂದು ನೆನಪಿಸಿದ. ಅದು ನನಗೂ ಹೊಳೆದಿರಲಿಲ್ಲ.