ಲಿವರ್ ಕಾಯಿಲೆಯವರ ಮನಸ್ಸನ್ನೂ ವಿಚಾರಿಸಬೇಕು: ನನ್ನ ಅನುಭವ

ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪದ ಸುತ್ತ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಲಿವರ್ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇರುವವರನ್ನು ಮೊದಲು ಕೇಳುವುದೇ "ರಾತ್ರಿ ನಿದ್ದೆ ಹೇಗಿದೆ ಅಣ್ಣಾ?" ಅಂತ.

ಲಿವರ್ ಸೋತಾಗ ಅಮೋನಿಯಾದಂಥ ವಿಷ ರಕ್ತದಲ್ಲೇ ಉಳಿದು ಮಿದುಳನ್ನು ಮುಟ್ಟುತ್ತದೆ. ಹಗಲೆಲ್ಲ ತೂಕಡಿಕೆ, ರಾತ್ರಿ ಎಚ್ಚರ, ಸಿಡುಕು, ಮರೆವು. ಮನೆಯವರು ಬೇಜಾರು ಅಂದುಕೊಳ್ಳುತ್ತಾರೆ. ಖಿನ್ನತೆಯೂ ಜೊತೆಗಿರಬಹುದು. ಎರಡರ ಚಿಕಿತ್ಸೆ ಬೇರೆ ಬೇರೆ. ಡಾಕ್ಟರನ್ನು ಕೇಳದೆ ಸುಮ್ನೆ ನಿದ್ದೆ ಮಾತ್ರೆ ಕೊಟ್ಟರೆ ಮಂಪರು ಹೆಚ್ಚಿ ಪ್ರಾಣಕ್ಕೇ ಅಪಾಯ.

ಮಿದುಳಿಗೆ ವಿಷ ಮುಟ್ಟಿದರೆ ಕೈಬರಹದಲ್ಲಿ ಗೊತ್ತಾಗುತ್ತದೆ. ಅದಕ್ಕೇ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರೊಬ್ಬರಿಗೆ ದಿನಾ ಬೆಳಿಗ್ಗೆ ತಾರೀಕು, ಮಳೆ ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದು ಕೆಳಗೆ ಸಹಿ ಹಾಕಲು ಹೇಳಿದ್ದೆ. ತೋಟದವರಿಗೆ ಮಳೆ ಲೆಕ್ಕ ಹೊಸದೇನಲ್ಲ, ಖುಷಿಯಿಂದ ಬರೆದರು. ಒಂದು ದಿನ ನೋಡಿದರೆ ಅಕ್ಷರ ಗೆರೆ ಬಿಟ್ಟು ಜಾರಿತ್ತು, ಸಹಿ ಮುದುಡಿತ್ತು. ಕೈ ಮುಂದೆ ಚಾಚಿಸಿದೆ. ಮಣಿಕಟ್ಟು ಪಟಪಟ ಬಡಿಯಿತು, ಅದೂ ಅದೇ ವಿಷದ ಲಕ್ಷಣ. ಮಲಬದ್ಧತೆಯೂ ಇತ್ತು. ಅವತ್ತೇ ಡಾಕ್ಟರಿಗೆ ತಿಳಿಸಿದೆ. ಮಲದ ಜೊತೆ ಅಮೋನಿಯಾ ಹೊರಹಾಕುವ ಲ್ಯಾಕ್ಟುಲೋಸ್ ಸಿರಪ್ ಜಾಸ್ತಿ ಮಾಡಿದರು. ದಿನಕ್ಕೆ 2-3 ಸಲ ಮೆತ್ತಗೆ ಮಲ ಹೋಗಬೇಕು, ಅದೇ ಗುರಿ.

ಅಕ್ಷರ ಸರಿಯಾಯಿತು. ಮುಖ ಮಾತ್ರ ಅರಳಲಿಲ್ಲ. ಆಗ ಪಕ್ಕ ಕೂತು ಕೇಳಿದೆ: ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತಾ? ಯಾವುದರಲ್ಲೂ ಆಸಕ್ತಿ ಇಲ್ವಾ?

"ಕುಡಿದೇ ಲಿವರ್ ಹೋಯ್ತು ಅಂತಾರೆ ಸಿಸ್ಟರ್. ನಾನು ಮುಟ್ಟಿದವನೇ ಅಲ್ಲ."

ಅವರಿಗಿದ್ದದ್ದು ಹೆಪಟೈಟಿಸ್ ಬಿ, ಲಿವರ್ ಕೆಡಿಸುವ ವೈರಸ್ ಸೋಂಕು. ಮದುವೆಗೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಮನೆಯಲ್ಲೂ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ಅದು ಅವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತ್ತು. ಹೆಂಡತಿ, ಮಕ್ಕಳು, ತಮ್ಮ ಎಲ್ಲರನ್ನೂ ಕೂರಿಸಿ ಹೇಳಿದೆ: ಇದು ಒಟ್ಟಿಗೆ ಉಂಡರೆ ಬರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ತಡೆಯಲು ಲಸಿಕೆ ಇದೆ. ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿದರು, ಬೇಕಾದವರು ಲಸಿಕೆ ಹಾಕಿಸಿಕೊಂಡರು. ಆಮೇಲೆ ತಟ್ಟೆ ಒಂದೇ ಸಾಲಿಗೆ ಬಂತು. ಖಿನ್ನತೆಗೆ ಆಪ್ತಸಲಹೆಯೂ ಶುರುವಾಯಿತು.

ಕುಡಿದೇ ಕಾಯಿಲೆ ತಂದುಕೊಂಡವರನ್ನೂ ನಾನು ಇದೇ ಗೌರವದಿಂದ ಮಾತಾಡಿಸುತ್ತೇನೆ. ಹಂಗಿಸಿದರೆ ಯಾರೂ ಕುಡಿತ ಬಿಡುವುದಿಲ್ಲ, ಅಲ್ವಾ? ಕದ್ದು ಕುಡಿಯುತ್ತಾರೆ ಅಷ್ಟೇ.

ಮಲಗುವ ಮುಂಚೆ ಏನಾದರೂ ತಿನ್ನಿ ಅಂತಲೂ ಹೇಳುತ್ತೇನೆ, ಒಂದು ಅಕ್ಕಿ ರೊಟ್ಟಿಯಾದರೂ ಸಾಕು. ರಾತ್ರಿಯಿಡೀ ಹೊಟ್ಟೆ ಖಾಲಿ ಇದ್ದರೆ ಮಾಂಸಖಂಡ ಕರಗಿ ಸುಸ್ತು ಹೆಚ್ಚುತ್ತದೆ. ಮಳೆಗಾಲದಲ್ಲಿ ದಾರಿ ಕಟ್ಟಾದಾಗ ಬೇಕಾಗುತ್ತದೆ ಅಂತ ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಅನ್ನು ಔಷಧಿ ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡುತ್ತೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.