4,500 ಲೀಟರ್ ನೀರು, ಹತ್ತು ನಿಮಿಷ: ಫೈರ್ ಇಂಜಿನ್ ಪಂಪ್ ಪಕ್ಕ ನಿಂತವನ ಅನುಭವ

ಬೆಂಗಳೂರಿನ ಒಂದು ಅಗ್ನಿಶಾಮಕ ಠಾಣೆಯಲ್ಲಿ ನಾನು ಚಾಲಕ. ಗಾಡಿ ಓಡಿಸುವುದಷ್ಟೇ ನಮ್ಮ ಕೆಲಸ ಎಂದು ಜನ ತಿಳಿದಿರುತ್ತಾರೆ. ಸ್ಥಳ ತಲುಪಿದ ಮೇಲೆ ಪಂಪ್ ನಡೆಸುವವನೂ ಚಾಲಕನೇ. ಹೊಗೆಯೊಳಗೆ ಹೋದ ಹುಡುಗರಿಗೆ ನೀರು ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಲೆಕ್ಕ ಹೀಗಿದೆ. ನಮ್ಮ ವಾಟರ್ ಟೆಂಡರ್‌ನಲ್ಲಿ, ಅಂದರೆ ನೀರು ಹೊತ್ತು ಹೋಗುವ ಫೈರ್ ಇಂಜಿನ್‌ನಲ್ಲಿ, 4,500 ಲೀಟರ್ ನೀರು ಹಿಡಿಯುತ್ತದೆ. ಒಂದು ಬ್ರಾಂಚ್‌ನಿಂದ (ಹೋಸ್ ತುದಿಯ ನೀರು ಚಿಮ್ಮುವ ನಳಿಕೆ) ನಿಮಿಷಕ್ಕೆ 450 ಲೀಟರ್ ಹೊರಟರೆ ಹತ್ತು ನಿಮಿಷ, ಎರಡು ಬಿಟ್ಟರೆ ಐದೇ ನಿಮಿಷ. "ಖಾಲಿ ಗಾಡಿ ತಂದಿದ್ದಾರೆ" ಎಂದು ಜನ ಬೈಯುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಗಾಡಿ ಖಾಲಿ ಬಂದಿರುವುದಿಲ್ಲ, ಅವರ ಕಣ್ಣೆದುರೇ ಖಾಲಿಯಾಗಿರುತ್ತದೆ.

ಪೇಟೆ ಕಡೆಯ ಬಟ್ಟೆ ಗೋಡೌನ್ ಒಂದರ ಕರೆ ಮರೆಯಲಾರೆ. ಮಧ್ಯರಾತ್ರಿ. ಗಲ್ಲಿ ಎಷ್ಟು ಕಿರಿದು ಅಂದರೆ ಗಾಡಿ ಮೂಲೆಯಲ್ಲೇ ನಿಂತಿತು. ಅಲ್ಲಿಂದ ಎಂಟು ಹೋಸ್ ಜೋಡಿಸಿದೆವು, ಒಂದೊಂದು 15 ಮೀಟರ್, ಒಟ್ಟು 120 ಮೀಟರ್. 63 ಮಿಲಿಮೀಟರ್ ಅಗಲದ ಒಂದು ಹೋಸ್ ತುಂಬಿದರೆ ಅದರೊಳಗಿನ ನೀರೇ 46 ಕೆ.ಜಿ. ದಾಟುತ್ತದೆ, ಅದನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗಬೇಕು. ಹೋಸ್ ಉದ್ದವಾದಷ್ಟೂ ಒತ್ತಡ ಕಮ್ಮಿಯಾಗುತ್ತದೆ, ಹತ್ತು ಮೀಟರ್ ಮೇಲೆ ಹೋದರೆ ಇನ್ನೊಂದು ಬಾರ್ (ಒತ್ತಡದ ಅಳತೆ) ಹೋಗುತ್ತದೆ. ಅಷ್ಟನ್ನೂ ನಾನು ಪಂಪ್‌ನಲ್ಲೇ ಸೇರಿಸಿ ಕೊಡಬೇಕು.

ಹಾಗಂತ ಒಂದೇ ಸಲ ಕೊಡಬಾರದು. ಸೇವೆಗೆ ಸೇರಿದ ಹೊಸದರಲ್ಲಿ "ವಾಟರ್ ಆನ್" ಎಂದ ಕೂಡಲೇ ವಾಲ್ವ್ ಪೂರ್ತಿ ತಿರುಗಿಸಿಬಿಟ್ಟಿದ್ದೆ. ಬ್ರಾಂಚ್ ಹಿಡಿದಿದ್ದ ಹುಡುಗನನ್ನು ಅದು ಗೋಡೆಗೆ ಬಡಿಯಿತು. ಹೆಗಲಿಗೆ ಪೆಟ್ಟಾಯಿತು. ಅವತ್ತಿನಿಂದ ವಾಲ್ವ್ ನಿಧಾನ ತೆರೆಯುತ್ತೇನೆ, ಹೋಸ್ ಉಬ್ಬುತ್ತಾ ಹೋಗುವುದನ್ನು ನೋಡಿಯೇ ಒತ್ತಡ ಏರಿಸುತ್ತೇನೆ.

ಆ ರಾತ್ರಿ ಬಿ.ಎ. (ಬ್ರೀದಿಂಗ್ ಅಪರೇಟಸ್, ಉಸಿರಾಟದ ಸಾಧನ) ಬೋರ್ಡ್ ಕೂಡ ನನ್ನ ಹತ್ತಿರವೇ ಇತ್ತು. ಉಸಿರಾಟದ ಸಿಲಿಂಡರ್ ಹಾಕಿಕೊಂಡು ಯಾರು ಒಳಗೆ ಹೋದರು, ಎಷ್ಟು ಗಂಟೆಗೆ, ಗಾಳಿ ಎಷ್ಟು ಬಾರ್ ಇತ್ತು, ಎಲ್ಲ ಅದರಲ್ಲಿ ಬರೆಯಬೇಕು. 6 ಲೀಟರ್ ಸಿಲಿಂಡರ್‌ನಲ್ಲಿ 300 ಬಾರ್ ತುಂಬಿದರೆ ಸುಮಾರು 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಂದು ಹಿಡಿದರೆ 45 ನಿಮಿಷ, ಆದರೆ ಭಾರ ಎಳೆಯುವವನ ಉಸಿರು ಆ ಲೆಕ್ಕ ಕೇಳುವುದಿಲ್ಲ ಅಲ್ವಾ.

ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ಸಾಹೇಬರಿಗೆ ಹೇಳಿದೆ. ಅರ್ಧಕ್ಕೇ ಹೇಳಬೇಕು, ಮುಗಿಯುವ ಹೊತ್ತಿಗಲ್ಲ. ಅವರು ವೈರ್‌ಲೆಸ್‌ನಲ್ಲಿ ಕಂಟ್ರೋಲ್ ರೂಮಿಗೆ ಸುದ್ದಿ ಕೊಟ್ಟರು. ಪಕ್ಕದ ಠಾಣೆಯ ಗಾಡಿ ಮೊದಲು ಬಂತು, ಹಿಂದೆಯೇ ದೊಡ್ಡ ಬೌಸರ್, ಅಂದರೆ ನೀರಿನ ಟ್ಯಾಂಕರ್. ಅದು ಮುಖ್ಯ ರಸ್ತೆಯಲ್ಲಿ ನಿಂತು ನಮ್ಮ ಟ್ಯಾಂಕಿಗೆ ನೀರು ಕೊಡುತ್ತಾ ಹೋಯಿತು. ನಾನು ರಸ್ತೆ ಬದಿಯ ಹೈಡ್ರಂಟ್ (ಫೈರ್ ಗಾಡಿಗೆ ನೀರು ಕೊಡುವ ಕೊಳಾಯಿ) ನಂಬಿಕೊಂಡು ಯಾವತ್ತೂ ಹೊರಟಿಲ್ಲ, ಬೌಸರನ್ನೇ ನಂಬಿದ್ದೇನೆ.

ಮುಂಬೈಯಲ್ಲಿ ಅಗ್ನಿಶಾಮಕ ದಳ ಮಹಾನಗರ ಪಾಲಿಕೆಯದು. ನಮ್ಮದು ಹಾಗಲ್ಲ. ಇಡೀ ರಾಜ್ಯಕ್ಕೆ ಒಂದೇ ಇಲಾಖೆ, ಒಳಾಡಳಿತ ಇಲಾಖೆಯ ಕೆಳಗೆ. ಮೇಲೆ ಡಿಜಿಪಿ, ಕೆಳಗೆ ಬರುತ್ತಾ ಮುಖ್ಯ, ಪ್ರಾದೇಶಿಕ, ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳು, ಆಮೇಲೆ ಠಾಣಾಧಿಕಾರಿ, ಪ್ರಮುಖ ಅಗ್ನಿಶಾಮಕರು, ಅಗ್ನಿಶಾಮಕರು, ನಾವು ಚಾಲಕರು. ಇದರ ದೊಡ್ಡ ಅನುಕೂಲ ಎಂದರೆ ಬೆಂಗಳೂರಿಗೆ ಸಾಲದಿದ್ದರೆ ಅಕ್ಕಪಕ್ಕದ ಜಿಲ್ಲೆಯ ಗಾಡಿಯೂ ನಮ್ಮದೇ ಇಲಾಖೆಯದು.

2022ರಲ್ಲಿ 90 ಮೀಟರ್ ಎತ್ತರ ಹೋಗುವ ಏರಿಯಲ್ ಲ್ಯಾಡರ್ ಗಾಡಿ ಬಂತು. ನೋಡಿ ತುಂಬಾ ಖುಷಿಪಟ್ಟಿದ್ದೆ, ಎತ್ತರದ ಅಪಾರ್ಟ್‌ಮೆಂಟ್‌ಗಳಿಗೆ ಅದು ಬೇಕೇ ಬೇಕು. ಆದರೆ ಅದು ಕಾಲು ಚಾಚಿ ನಿಲ್ಲಲು ಅಗಲವಾದ ಗಟ್ಟಿ ಜಾಗ ಬೇಕು. ಪೇಟೆಯ ಗಲ್ಲಿಗೆ ಹೆಗಲ ಮೇಲೆ ಹೊತ್ತು ತರುವ ಏಣಿಯೇ ಗತಿ. ಇಂಥ ಗಲ್ಲಿಗಳಿಗೆಂದೇ ಚಿಕ್ಕ ಗಾಡಿಗಳು ಇನ್ನೂ ಜಾಸ್ತಿ ಬೇಕು ಎಂದು ನಾನು ಪ್ರತಿ ಸಲ ಹೇಳುತ್ತೇನೆ.

ಬೆಂಕಿ ಆರಿದಾಗ ಬೆಳಕು ಹರಿದಿತ್ತು. "ಅಣ್ಣಾ, ಒಂದ್ ಸಲನೂ ನೀರು ನಿಲ್ಲಲಿಲ್ಲ" ಎಂದ ಬ್ರಾಂಚ್ ಹಿಡಿದಿದ್ದ ಹುಡುಗ, ಮುಖ ಪೂರ್ತಿ ಮಸಿ. ಠಾಣೆಗೆ ಬಂದವರೇ ಟೀ ಕುಡಿಯುವ ಮೊದಲು ಟ್ಯಾಂಕ್ ತುಂಬಿಸಿದೆವು, ಒದ್ದೆ ಹೋಸ್‌ಗಳನ್ನು ತೊಳೆದು ಒಣಹಾಕಿ, ಮೊದಲೇ ಒಣಗಿದ್ದವನ್ನು ಗಾಡಿಗೆ ಏರಿಸಿದೆವು. ಲಾಗ್ ಬುಕ್ ಬರೆಯುತ್ತಿದ್ದಾಗಲೇ ಮುಂದಿನ ಕರೆ ಬಂತು.